ರೂಫ್ ಬರೀ ಲಂಚಕೋರನಾ?

‘ದ ವೋಟರ್ ಕಥೆಯ ರೂಫ್‌ನ ಪಾತ್ರವನ್ನು ವಿವರಿಸಿ’ ಅಂತ ದ್ವಿತೀಯ ಪಿಯು ಇಂಗ್ಲಿಷ್ ಪತ್ರಿಕೆಯಲ್ಲಿ ಕೇಳಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಚ್ಚಿನ ಮಕ್ಕಳು ಏನು ಬರೆದಿರುತ್ತಾರೆ ಎಂಬುದನ್ನು ಉತ್ತರ ಪತ್ರಿಕೆ ತೆರೆಯದೆಯೂ ಹೇಳಬಹುದು. ರೂಫ್ ಜಾಣ. ರೂಫ್ ಆಸೆಬುರುಕ. ರೂಫ್ ಲಂಚ ತಗೊಂಡವನು. ಅಲ್ಲಿಂದ ಮುಂದೆ ಕಥೆ: ಊರಲ್ಲಿ ಚುನಾವಣೆ ಬಂತು, ಒಬ್ಬ ಮಂತ್ರಿ ಇದ್ದ, ರೂಫ್ ಅವನ ಕಡೆಯವನಾಗಿದ್ದ. ಕಥೆ ಮುಗಿಯುವಷ್ಟರಲ್ಲಿ ಜಾಗವೂ ಮುಗಿದಿರುತ್ತದೆ, ಸಮಯವೂ ಮುಗಿದಿರುತ್ತದೆ. ಕೊನೆಗೆ ‘ಹೀಗೆ ರೂಫ್ ಒಬ್ಬ ಭ್ರಷ್ಟ ಮನುಷ್ಯ’ ಅಂತ ಒಂದು ಸಾಲು. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೂ ಆರು ಅಂಕದ ಪ್ರಶ್ನೆಗೆ ಮೂರೋ ಮೂರೂವರೆಯೋ ಬಂದು ನಿಲ್ಲುತ್ತದೆ. ‘ಎಲ್ಲಾ ಬರ್ದಿದ್ನಲ್ಲ ಸರ್’ ಅನ್ನುವ ಮಗುವಿಗೆ ಉಳಿದ ಅಂಕ ಎಲ್ಲಿ ಹೋಯಿತು ಎಂದು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಅದು ಎಲ್ಲಿ ಹೋಯಿತು ಎಂದು ಕಾಣಬೇಕಾದರೆ ಅದೇ ಉತ್ತರದಲ್ಲಿ ರೂಫ್ ಎಂದಿರುವ ಕಡೆಯೆಲ್ಲ ಅದೇ ಕಥೆಯ ಮಂತ್ರಿ ಮಾರ್ಕಸ್‌ನ ಹೆಸರು ಹಾಕಿ ಓದಿ. ಮಾರ್ಕಸ್ ಜಾಣ, ಮಾರ್ಕಸ್ ಆಸೆಬುರುಕ, ಮಾರ್ಕಸ್ ಭ್ರಷ್ಟ. ಎಲ್ಲವೂ ಸಲೀಸಾಗಿ ಕೂರುತ್ತದೆ. ಹೆಸರು ಬದಲಿಸಿದರೂ ನಿಲ್ಲುವ ಉತ್ತರ ಯಾವ ಪಾತ್ರದ್ದೂ ಅಲ್ಲ. ಗೈಡುಗಳಲ್ಲಿ ದುಂಡಗೆ ಅಚ್ಚಾಗಿರುವ ಎಷ್ಟೋ ಕ್ಯಾರೆಕ್ಟರ್ ಸ್ಕೆಚ್‌ಗಳು ಈ ಒಂದು ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಹಾಗಾಗಿ ಬಾಯಿಪಾಠ ಮಾಡುವ ಮೊದಲು ಅವುಗಳ ಮೇಲೂ ಇದನ್ನು ಪ್ರಯೋಗಿಸುವುದು ಒಳ್ಳೆಯದು.

ಈಗ ರೂಫ್‌ನನ್ನೇ ಹತ್ತಿರದಿಂದ ನೋಡೋಣ. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ‘ದ ವೋಟರ್’ ದ್ವಿತೀಯ ಪಿಯುದಲ್ಲಿ ವರ್ಷಗಳಿಂದ ಪಾಠವಾಗುತ್ತ ಬಂದ ಕಥೆ. ಅವನನ್ನು ಹಿಡಿಯಲು ಅದರಲ್ಲಿ ಮೂರು ಜಾಗ ಸಾಕು.

ಮೊದಲನೆಯದು ಹಿರಿಯ ಎಜೆನ್ವಾನ ಮನೆ. ಮಾರ್ಕಸ್‌ನ ಪರವಾಗಿ ರೂಫ್ ಊರ ಹಿರಿಯರೆದುರು ತಲೆಗೆ ಎರಡು ಶಿಲ್ಲಿಂಗ್ ಇಡುತ್ತಾನೆ. ನಮ್ಮ ಮತವೆಲ್ಲ ಮಾರ್ಕಸ್‌ಗೇ, ಅದರಲ್ಲಿ ಅನುಮಾನ ಬೇಡ, ಆದರೆ ಎರಡು ಶಿಲ್ಲಿಂಗ್ ಎಂದರೆ ನಾಚಿಕೆಗೇಡು ಎನ್ನುತ್ತಾರೆ ಅವರು. ದೊಡ್ಡ ಮರ ಹತ್ತಿಯಾಗಿದೆ, ಬೇಕಾದಷ್ಟು ಕಟ್ಟಿಗೆ ಇಳಿಸಿಕೊಳ್ಳದೇ ಇದ್ದರೆ ಮೂರ್ಖರಾಗುತ್ತೇವೆ ಎಂಬರ್ಥದ ಮಾತು ಬರುತ್ತದೆ. ರೂಫ್ ದರ ಏರಿಸುತ್ತಾನೆ. ಯಾಕೆ ಏರಿಸಿದ? ನಿರೂಪಕ ಅಲ್ಲೇ ಕಾರಣ ಕೊಡುತ್ತಾನೆ, ಮಕ್ಕಳು ಹಾರಿಸಿ ಓದುವುದೂ ಸರಿಯಾಗಿ ಅದನ್ನೇ. ಈಚೆಗೆ ರೂಫ್ ತಾನೂ ಸಾಕಷ್ಟು ಕಟ್ಟಿಗೆ ಇಳಿಸಿಕೊಂಡಿದ್ದ. ಮಂತ್ರಿಯ ಬೆಲೆಬಾಳುವ ನಿಲುವಂಗಿಯೊಂದನ್ನು ಕೇಳಿ ಪಡೆದಿದ್ದ. ಮಂತ್ರಿಯ ಮನೆಯ ಫ್ರಿಜ್ಜಿನಿಂದ ಐದನೇ ಬಾಟಲಿ ಬಿಯರ್ ತೆಗೆದಾಗ ಆಕ್ಷೇಪಿಸಿದ ಮಂತ್ರಿಯ ಹೆಂಡತಿಗೇ ಎಲ್ಲರೆದುರು ಬೈಗುಳ ಬಿದ್ದಿತ್ತು. ಡ್ರೈವರ್ ಇರುವ ಕಾರಿನಲ್ಲಿ ತಂಟೆಯ ಜಾಗಕ್ಕೆ ಹೋಗಿ ಇಳಿದದ್ದೂ ಒಂದು ಕಾರಣವಾಗಿ ಜಮೀನಿನ ವ್ಯಾಜ್ಯ ಗೆದ್ದಿದ್ದ. ಹಿರಿಯರ ಲೆಕ್ಕಾಚಾರ ಅವನಿಗೆ ಸಿಟ್ಟು ತರಿಸುವುದಿಲ್ಲ, ಅರ್ಥವಾಗುತ್ತದೆ.

ಎರಡನೆಯದು ರೂಫ್‌ನ ಸ್ವಂತ ಮನೆ. ಎದುರು ಪಕ್ಷದವರು ಬಂದು ತಮ್ಮ ಅಭ್ಯರ್ಥಿ ಮಡೂಕನಿಗೆ ಮತ ಹಾಕಲು ಐದು ಪೌಂಡ್ ಮುಂದಿಡುತ್ತಾರೆ. ಕೊಳ್ಳುವವನಾಗಿ ಕೂತಿದ್ದ ರೂಫ್ ಇಲ್ಲಿ ಮಾರುವವನಾಗಿ ಕೂತಿದ್ದಾನೆ. ಹಣದ ಜೊತೆಗೆ ಅವರು ‘ಐಯಿ’ಯನ್ನೂ ತಂದಿದ್ದಾರೆ, ಗರಿ ಸಿಕ್ಕಿಸಿದ ಮಣ್ಣಿನ ಕುಡಿಕೆಯಲ್ಲಿ ಇರುವ, ನೋಡಿದರೆ ಹೆದರಿಕೆಯಾಗುವ ಶಕ್ತಿ. ಅದರೆದುರು ರೂಫ್ ಆಣೆ ಮಾಡಬೇಕಾಗುತ್ತದೆ.

ಮೂರನೆಯದು ಮತಗಟ್ಟೆ. ಮಾರ್ಕಸ್‌ನ ಡಬ್ಬಿಯ ಮೇಲೆ ಕಾರಿನ ಚಿತ್ರ, ಮಡೂಕನದರ ಮೇಲೆ ಮನುಷ್ಯನ ತಲೆ. ರೂಫ್ ಮತಪತ್ರವನ್ನು ಮಡಿಕೆಯ ಗುಂಟ ಹರಿದು ಎರಡೂ ಡಬ್ಬಿಗೆ ಅರ್ಧರ್ಧ ಹಾಕುತ್ತಾನೆ. ಮೊದಲ ಅರ್ಧ ಹೋಗುವುದು ಮಡೂಕನ ಡಬ್ಬಿಗೆ, ಹಾಕುವಾಗ ಮಡೂಕನಿಗೇ ಮತ ಹಾಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಒಬ್ಬನೇ ಇರುವ ಕಟ್ಟೆಯೊಳಗೆ ಯಾರಿಗೆ ಕೇಳಲಿ ಅಂತ? ಐಯಿಗೆ. ಮನಸ್ಸಾಕ್ಷಿ ಚುಚ್ಚಿ ಹೀಗೆ ಮಾಡಿದ ಎಂದು ಬರೆಯುವವರು ಈ ಒಂದು ವಿವರಕ್ಕೆ ಉತ್ತರ ಕೊಡಬೇಕಾಗುತ್ತದೆ. ಯಾವ ಅರ್ಧ ಮೊದಲು ಎಂಬುದು ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಬೆಲೆಯುಳ್ಳ ಪುರಾವೆ. ಹರಿದದ್ದನ್ನು ಎಲ್ಲರೂ ಬರೆಯುತ್ತಾರೆ, ಕ್ರಮವನ್ನು ಬರೆಯುವವರು ಕಡಿಮೆ.

ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ವಾಕ್ಯ ತಾನಾಗಿ ಮೂಡುತ್ತದೆ: ರೂಫ್ ಹಣಕ್ಕೆ ಸೋಲುವ ದಲ್ಲಾಳಿ, ಆದರೆ ಕೊಟ್ಟ ಮಾತು ಮುರಿಯಲು ಹೆದರುವವನು, ಅದಕ್ಕೇ ಎರಡೂ ಕಡೆಗೆ ತೋರಿಕೆಗೆ ಮಾತು ಉಳಿಸಿ ಎರಡೂ ಕಡೆಗೆ ಮೋಸ ಮಾಡುತ್ತಾನೆ. ಇದಕ್ಕೆ ಮಾರ್ಕಸ್‌ನ ಹೆಸರು ಹಾಕಿ ನೋಡಿ, ಕೂರುವುದಿಲ್ಲ. ಈ ವಾಕ್ಯಕ್ಕೆ ನಿಲುವು ಅನ್ನೋಣ. ಪಾತ್ರದ ಪ್ರಶ್ನೆಗೆ ಬರೆಯಬೇಕಾದದ್ದು ನಿಲುವು ಮತ್ತು ಅದನ್ನು ಹೊರುವ ಪುರಾವೆ. ಗುಣಗಳ ಪಟ್ಟಿಯೂ ಅಲ್ಲ, ಕಥೆಯ ಸಾರಾಂಶವೂ ಅಲ್ಲ. ಪುರಾವೆಯನ್ನು ಹುಡುಕಬೇಕಾದದ್ದು ಪಾತ್ರಕ್ಕೆ ಎರಡು ಬಯಕೆಗಳು ಒಟ್ಟಿಗೆ ಬಂದು ಒಂದನ್ನಾದರೂ ಬಿಡಬೇಕಾಗುವ ಜಾಗದಲ್ಲಿ. ಆಯ್ಕೆಯೇ ಇಲ್ಲದಲ್ಲಿ ಮನುಷ್ಯನ ಗುಣ ಗೊತ್ತಾಗುವುದಿಲ್ಲ.

ಪುಸ್ತಕದಲ್ಲಿ ಪಾತ್ರದ ಬಗ್ಗೆ ನಮಗೆ ತಿಳಿಯುವುದು ನಾಲ್ಕು ಕಡೆಯಿಂದ. ಅವನು ಮಾಡಿದ್ದು, ಅವನು ಆಡಿದ್ದು, ಬೇರೆಯವರು ಅವನ ಬಗ್ಗೆ ಆಡಿದ್ದು, ನಿರೂಪಕ ಹೇಳಿದ್ದು. ಈ ನಾಲ್ಕಕ್ಕೂ ಒಂದೇ ತೂಕ ಕೊಡಬಾರದು. ಮಾಡಿದ್ದು ಎಲ್ಲಕ್ಕಿಂತ ಗಟ್ಟಿ. ಆಡಿದ್ದನ್ನು ನಂಬುವ ಮೊದಲು ಯಾರೆದುರು ಆಡಿದ್ದು ಎಂದು ನೋಡಬೇಕು. ಬೇರೆಯವರ ಮಾತಿನಲ್ಲಿ ಅವರ ಸ್ವಾರ್ಥವೂ ಇರುತ್ತದೆ. ಇನ್ನು ನಿರೂಪಕನ ಮಾತು, ಅಲ್ಲೇ ಹೆಚ್ಚು ಜನ ಜಾರುವುದು. ‘ದ ವೋಟರ್’ನ ಆರಂಭದಲ್ಲೇ ರೂಫ್ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಎರಡು ವರ್ಷ ಸೈಕಲ್ ರಿಪೇರಿ ಕಲಿತು, ಅಲ್ಲಿನ ಉಜ್ವಲ ಭವಿಷ್ಯವನ್ನು ತಾನಾಗಿ ಬಿಟ್ಟು ಊರವರಿಗೆ ದಾರಿ ತೋರಿಸಲು ಬಂದವನು ಎಂದು ಬರುತ್ತದೆ. ಅದನ್ನು ಹಾಗೇ ಎತ್ತಿ ‘ರೂಫ್ ತ್ಯಾಗಿ’ ಎಂದು ಬರೆದವರಿದ್ದಾರೆ. ನಿರೂಪಕ ಅಲ್ಲಿ ನಗುತ್ತಿದ್ದಾನೆ. ಊರಿಗೆ ಅಂಥ ಮಾರ್ಗದರ್ಶನವೇನೂ ಬೇಕಿರಲಿಲ್ಲ ಎಂದು ಅದರ ಬೆನ್ನಿಗೇ ಹೇಳುತ್ತಾನೆ. ಹೊಗಳಿಕೆ ಕಂಡಾಗ ಮುಂದಿನ ಸಾಲನ್ನೂ ಓದಬೇಕು.

ನಾಟಕದಲ್ಲಿ ನಿರೂಪಕನೇ ಇಲ್ಲ. ಅಲ್ಲಿ ಸ್ವಗತ ಮತ್ತು ಆವರಣದೊಳಗಿನ ರಂಗಸೂಚನೆಗಳೇ ಆ ಕೆಲಸ ಮಾಡುತ್ತವೆ, ಮಕ್ಕಳು ಅಲಂಕಾರವೆಂದು ಬಿಡುವುದೂ ಅವನ್ನೇ. ಪಿಯುದಲ್ಲೇ ಇರುವ ‘ಎ ಸನ್ನಿ ಮಾರ್ನಿಂಗ್’ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಮ್ಯಾಡ್ರಿಡ್‌ನ ಪಾರ್ಕೊಂದರ ಬೆಂಚಿನ ಮೇಲೆ ಎಪ್ಪತ್ತರ ಆಸುಪಾಸಿನ ಇಬ್ಬರು. ಡೋನಾ ಲಾರಾ ಪಾರಿವಾಳಗಳಿಗೆ ಬ್ರೆಡ್ಡಿನ ಚೂರು ಹಾಕುತ್ತಿದ್ದಾಳೆ, ಡಾನ್ ಗೊಂಜಾಲೊ ಬಂದು ಅವನ್ನು ಚೆದುರಿಸುತ್ತಾನೆ, ಕರ್ಚೀಫಿನಿಂದ ಬೂಟು ಒರೆಸಿಕೊಂಡು ಅವಳಿಂದ ಕುಟುಕು ಮಾತು ಕೇಳುತ್ತಾನೆ, ಕೊನೆಗೆ ನಶ್ಯ ಹಂಚಿಕೊಂಡು ಇಬ್ಬರೂ ಸೀನಿ ರಾಜಿಯಾಗುತ್ತಾರೆ. ಮಾತು ಬೆಳೆದಂತೆ ತಾವಿಬ್ಬರೂ ಒಂದು ಕಾಲದ ಪ್ರೇಮಿಗಳು ಎಂದು ಇಬ್ಬರಿಗೂ ಹೊಳೆಯುತ್ತದೆ, ಇಬ್ಬರೂ ಬಾಯಿ ಬಿಡುವುದಿಲ್ಲ. ಆ ಹುಡುಗ ಆಫ್ರಿಕಾದ ಯುದ್ಧದಲ್ಲಿ ಸತ್ತ ಎಂದು ಅವನು, ಆ ಹುಡುಗಿ ಸಮುದ್ರದ ಪಾಲಾದಳು ಎಂದು ಅವಳು. ನಿಜವೇನೆಂದು ಸ್ವಗತದಲ್ಲಿ ಬರುತ್ತದೆ: ಅವನು ಬ್ಯಾಲೆ ನರ್ತಕಿಯೊಬ್ಬಳ ಜೊತೆ ಪ್ಯಾರಿಸಿಗೆ ಓಡಿಹೋಗಿದ್ದ, ಅವಳು ಇನ್ನೊಬ್ಬನನ್ನು ಮದುವೆಯಾಗಿದ್ದಳು. ‘ಗೊಂಜಾಲೊ ಯುದ್ಧದಲ್ಲಿ ಸತ್ತ’ ಎಂದು ಬರೆಯುವ ಉತ್ತರ, ನಂಬಲಾಗದಿದ್ದರೂ, ಅಪರೂಪವಲ್ಲ. ಸುಳ್ಳು ಹೇಳಿದರು ಎಂದಷ್ಟೇ ಬರೆದರೂ ಸಾಲದು. ಈ ವಯಸ್ಸಿನಲ್ಲಿ ಸುಳ್ಳು ಯಾಕೆ ಬೇಕಿತ್ತು? ಇನ್ನೊಬ್ಬರ ನೆನಪಿನಲ್ಲಿ ತಾವು ಚೆಂದವಾಗಿ, ನಿಷ್ಠರಾಗಿ ಉಳಿಯಬೇಕೆಂಬ ಆಸೆಗೆ. ಸುಕ್ಕುಗಟ್ಟಿದ ಈಗಿನ ಮುಖವನ್ನು ಒಪ್ಪಿಕೊಂಡರೆ ಆ ನೆನಪು ಹಾಳಾಗುತ್ತದೆ. ಹಮ್ಮು ಎಂದು ಒಂದೇ ಪದದಲ್ಲಿ ಮುಗಿಸಬಹುದಾದ್ದು ಹೀಗೆ ಬಿಡಿಸಿದಾಗ ಇಬ್ಬರೂ ಜೀವ ಪಡೆಯುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿರುವ ಆರ್.ಕೆ. ನಾರಾಯಣರ ಕಥೆ ‘ಎ ಹೀರೋ’ದ ಸ್ವಾಮಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಂಚಿನ ಕೆಳಗೆ ನಡುಗುತ್ತ ಮಲಗಿದ ಹುಡುಗ ಬಂದದ್ದು ದೆವ್ವವೆಂದು ತಿಳಿದು ಕಾಲು ಕಚ್ಚಿದ, ಸಿಕ್ಕಿದ್ದು ಕಳ್ಳ. ಊರು ಅವನನ್ನು ಧೀರ ಎಂದಿತು. ಅವನು ಮಾರನೇ ರಾತ್ರಿ ಅಜ್ಜಿಯ ಪಕ್ಕಕ್ಕೇ ಹೋಗಿ ಮಲಗಿದ. ‘ಸ್ವಾಮಿ ಧೈರ್ಯವಂತ ಹುಡುಗ’ ಎಂದು ಶುರು ಮಾಡುವವರು ಊರಿನ ಮಾತನ್ನು ನಂಬಿದವರು.

ಪಾತ್ರವನ್ನು ಬಿಡಿಸುವ ಈ ವಿದ್ಯೆ ನಮ್ಮ ಕಡೆಯ ಮಕ್ಕಳಿಗೆ ಹೊಸದೇನಲ್ಲ ಎಂಬುದು ಸೋಜಿಗ. ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾದ ಮಕ್ಕಳು ದೇವಸ್ಥಾನದ ಅಂಗಳದಲ್ಲೋ ಯಾರದೋ ಮನೆಯ ಜಗುಲಿಯಲ್ಲೋ ತಾಳಮದ್ದಳೆ ಕೇಳುತ್ತ ಬೆಳೆದಿರುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ ಪಾತ್ರವನ್ನು ಕಟ್ಟಬೇಕು. ವಾಲಿವಧೆಯಲ್ಲಿ ವಾಲಿಯ ಅರ್ಥ ಹೇಳುವವರು, ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದು ರಾಮನನ್ನು ಕೇಳುವಾಗ, ಕೇಳಿದವರಿಗೆ ವಾಲಿಯೇ ಸರಿ ಅನ್ನಿಸಬೇಕು. ಅದೇ ಅರ್ಥಧಾರಿ ಇನ್ನೊಂದು ದಿನ ರಾಮನಾಗಿ ಕೂತು ಅದಕ್ಕೆ ಉತ್ತರ ಕೊಟ್ಟಾರು. ಪಾತ್ರ ಕೆಟ್ಟದ್ದೋ ಒಳ್ಳೆಯದೋ ಎಂಬ ತೀರ್ಪು ಅವರ ಕೆಲಸವಲ್ಲ. ಈ ಪಾತ್ರಕ್ಕೆ ಬೇಕಾದದ್ದೇನು, ತಾನು ಮಾಡಿದ್ದು ಸರಿ ಎಂದು ಅದು ಯಾಕೆ ಅಂದುಕೊಂಡಿದೆ, ಈ ಗಳಿಗೆಯಲ್ಲಿ ಅದಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದಷ್ಟೇ ಮುಖ್ಯ. ತನ್ನ ಹುಟ್ಟು ತಿಳಿಯುವ ಮೊದಲಿನ ಕರ್ಣ ಬೇರೆ, ಕೃಷ್ಣ ಹೇಳಿದ ಮೇಲಿನ ಕರ್ಣ ಬೇರೆ ಎಂದು ಇಲ್ಲಿನ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ. ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಈ ಬುದ್ಧಿಯನ್ನೆಲ್ಲ ಕೊಠಡಿಯ ಹೊರಗೆ ಬಿಟ್ಟು ‘ಗುಡ್ ಮ್ಯಾನ್, ಬ್ಯಾಡ್ ಮ್ಯಾನ್’ಗೆ ಇಳಿಯುತ್ತಾರೆ, ಅಷ್ಟೇ. ಭಾಷೆ ಕಷ್ಟವೆಂಬ ಹೆದರಿಕೆಗೆ ಯೋಚನೆಯೂ ಸಣ್ಣದಾಗುತ್ತದೆ.

ಆದರೆ ಅರ್ಥಧಾರಿಗೆ ಇರುವ ಒಂದು ಸ್ವಾತಂತ್ರ್ಯ ಪರೀಕ್ಷೆಯಲ್ಲಿ ಇಲ್ಲ. ಅವರು ಪದ್ಯದಲ್ಲಿ ಇಲ್ಲದ ವಾದವನ್ನು ಬೇರೆ ಪುರಾಣದಿಂದ, ಶಾಸ್ತ್ರದಿಂದ, ಸ್ವಂತ ಬುದ್ಧಿಯಿಂದ ತರಬಹುದು. ತಂದಷ್ಟೂ ಮೆಚ್ಚುಗೆ. ಉತ್ತರ ಪತ್ರಿಕೆಯಲ್ಲಿ ಪಾಠದ ಹೊರಗಿನ ಪುರಾವೆಗೆ ಬೆಲೆಯಿಲ್ಲ. ರೂಫ್ ಬಡವನಾಗಿದ್ದ, ಹೆಂಡತಿ ಮಕ್ಕಳನ್ನು ಸಾಕಬೇಕಿತ್ತು, ಪಾಪ ಎಂದು ಕನಿಕರದಿಂದ ಬರೆದರೆ ಅದು ಕಥೆಯಲ್ಲಿ ಎಲ್ಲಿದೆ ಎಂದು ಮೌಲ್ಯಮಾಪಕರು ಹುಡುಕುತ್ತಾರೆ. ಅದು ಸಿಗುವುದಿಲ್ಲ.

ಎಲ್ಲ ಪಾತ್ರಕ್ಕೂ ಒಳಗಿನ ಬದುಕನ್ನು ಹುಡುಕುವುದೂ ತಪ್ಪೇ. ಪಿಯುದಲ್ಲೇ ಇರುವ ಟಾಲ್‌ಸ್ಟಾಯ್ ಕಥೆ ‘ಟೂ ಡಿಯರ್’ನ ಕೊಲೆಗಾರನಿಗೆ ಹೆಸರೇ ಇಲ್ಲ. ಮೊನಾಕೊ ಎಂಬ ಪುಟ್ಟ ರಾಜ್ಯದ ರಾಜ ಅವನ ತಲೆ ಕಡಿಸಲು ಯಂತ್ರ ಕೇಳಿದರೆ ಫ್ರಾನ್ಸ್ 16,000 ಫ್ರಾಂಕ್ ಎನ್ನುತ್ತದೆ, ಇಟಲಿ 12,000 ಎನ್ನುತ್ತದೆ. ಎರಡೂ ದುಬಾರಿ. ಜೈಲಿನಲ್ಲಿಟ್ಟರೆ ವರ್ಷಕ್ಕೆ 600 ಫ್ರಾಂಕ್ ಖರ್ಚು. ಕಾವಲು ತೆಗೆದರೂ ಅವನು ಓಡಿಹೋಗುವುದಿಲ್ಲ, ಅರಮನೆಯ ಅಡುಗೆಮನೆಗೆ ಹೋಗಿ ತನ್ನ ಊಟ ತಾನೇ ತಂದುಕೊಳ್ಳುತ್ತಾನೆ. ಕೊನೆಗೆ 600 ಫ್ರಾಂಕ್ ಪಿಂಚಣಿ ಕೊಟ್ಟು ಕಳಿಸಬೇಕಾಗುತ್ತದೆ. ಅವನ ಮನಸ್ಸಿನಲ್ಲಿ ಪಶ್ಚಾತ್ತಾಪವಿತ್ತೇ ಎಂದು ಕೇಳಿಕೊಂಡು ಪ್ರಯೋಜನವಿಲ್ಲ. ಅವನು ಅಲ್ಲಿರುವುದು ಆ ರಾಜ್ಯ ನ್ಯಾಯವನ್ನು ಹೇಗೆ ಖರ್ಚಿನ ಲೆಕ್ಕವಾಗಿ ನೋಡುತ್ತದೆ ಎಂದು ಬಯಲು ಮಾಡಲು. ಇಂಥ ಪಾತ್ರಕ್ಕೆ ‘ಅವನು ಕಥೆಯಲ್ಲಿ ಯಾವ ಕೆಲಸ ಮಾಡುತ್ತಾನೆ’ ಎಂದು ಕೇಳಿಕೊಳ್ಳಬೇಕು. ಒಂದೇ ಗುಣದ ಚಪ್ಪಟೆ ಪಾತ್ರ, ಅಚ್ಚರಿ ಹುಟ್ಟಿಸಬಲ್ಲ ತುಂಬು ಪಾತ್ರ ಎಂಬ ಭಾಗ ಮಾಡಿದ್ದು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್, 1927ರಲ್ಲಿ. ಡಿಗ್ರಿಯವರು ಆ ಹೆಸರು ಹಾಕಬಹುದು, ಹಾಕಿ ಸುಮ್ಮನಾಗಬಾರದು. ಯಾವ ಘಟನೆಯಲ್ಲಿ ಪಾತ್ರ ಅಚ್ಚರಿ ಹುಟ್ಟಿಸಿತು ಎಂದು ತೋರಿಸದಿದ್ದರೆ ಆ ಶಬ್ದ ಇದ್ದೂ ಇಲ್ಲದಂತೆ.

ಪಾತ್ರ ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಕಾರವಾರದವರಿಗೆ ತಮ್ಮದೇ ಒಂದು ನಾಟಕವಿದೆ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಟ್ಯಾಗೋರ್, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ ಬರೆದರು. ಇಂಗ್ಲಿಷಿನಲ್ಲಿ ಅದು 1917ರಲ್ಲಿ ‘ಸನ್ಯಾಸಿ’ಯಾಗಿ ಬಂತು. ಬೀಚಿಗೆ ಅವರ ಹೆಸರಿದೆ, ನಾಟಕ ಓದಿದವರು ಕಡಿಮೆ. ಪಠ್ಯದಲ್ಲಿಲ್ಲದ ಕಾರಣ ಗೈಡೂ ಇಲ್ಲ, ಹಾಗಾಗಿಯೇ ಅಭ್ಯಾಸಕ್ಕೆ ಒಳ್ಳೆಯದು. ಎಲ್ಲ ಬಂಧ ಕಡಿದುಕೊಂಡು ಮುಕ್ತನಾದೆ ಎಂದು ಸಾರುತ್ತ ಸನ್ಯಾಸಿ ಗುಹೆಯಿಂದ ಹೊರಬರುತ್ತಾನೆ. ಊರವರು ಮೈಲಿಗೆಯೆಂದು ದೂರ ಅಟ್ಟಿದ ವಾಸಂತಿ ಎಂಬ ಹುಡುಗಿ ಅವನ ಬಳಿ ಆಸರೆ ಪಡೆಯುತ್ತಾಳೆ, ಅಪ್ಪ ಎನ್ನುತ್ತಾಳೆ. ಮಮತೆ ಹುಟ್ಟುತ್ತಿದೆ ಎಂದು ಗೊತ್ತಾದ ಕೂಡಲೇ ಅವನು ಅವಳನ್ನು ಬಿಟ್ಟು ಓಡುತ್ತಾನೆ. ಆಮೇಲೆ ದಂಡವನ್ನೂ ಭಿಕ್ಷಾಪಾತ್ರೆಯನ್ನೂ ಮುರಿದು ಹಾಕಿ ಅವಳನ್ನು ಹುಡುಕುತ್ತ ಬರುತ್ತಾನೆ. ಅಷ್ಟರಲ್ಲಿ ಅವಳು ಸತ್ತಿದ್ದಾಳೆ.

ಮೊದಲು ಕಠಿಣ ಹೃದಯಿ, ಆಮೇಲೆ ಮೃದು ಹೃದಯಿ ಎಂಬುದು ಇದಕ್ಕೆ ಸುಲಭವಾಗಿ ಬರುವ ಉತ್ತರ. ನಾಟಕ ಹಾಗೆ ಹೇಳುವುದಿಲ್ಲ. ನಿಜಕ್ಕೂ ಕಠಿಣನಾಗಿದ್ದರೆ ಊರೇ ಮುಟ್ಟದ ಹುಡುಗಿಗೆ ಆಸರೆ ಕೊಡುತ್ತಿರಲಿಲ್ಲ. ಓಡಿಹೋಗುವುದೇ ಒಂದು ಪುರಾವೆ: ಏನೂ ಅನ್ನಿಸದವನಿಗೆ ಓಡುವ ಅಗತ್ಯವಿಲ್ಲ. ಬದಲಾದದ್ದು ಅವನ ಮನಸ್ಸಿನ ಮೃದುತ್ವವಲ್ಲ, ಮಮತೆ ಎಂದರೆ ಸೋಲು ಎಂಬ ಅವನ ತಿಳಿವಳಿಕೆ. ಹೀಗೆ ಬದಲಾವಣೆಯನ್ನು ಬರೆಯುವಾಗ ಮೂರು ವಿಷಯ ಬೇಕು: ಮೊದಲು ಏನು ನಂಬಿದ್ದ, ಯಾವ ಘಟನೆಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು, ಬದಲಾದ ಮೇಲೆ ಮಾಡಿದ ಕಣ್ಣಿಗೆ ಕಾಣುವ ಕೆಲಸ ಯಾವುದು. ಮೂರನೆಯದು ಇಲ್ಲಿ ದಂಡ ಮುರಿದದ್ದು. ಹೆಚ್ಚಿನ ಉತ್ತರಗಳಲ್ಲಿ ಮೊದಲನೆಯದೂ ಮೂರನೆಯದೂ ಇರುತ್ತವೆ, ನಡುವಿನದು ಕಾಣೆಯಾಗಿರುತ್ತದೆ. ಡಿಗ್ರಿಯಲ್ಲಿ ಲೇಡಿ ಮ್ಯಾಕ್‌ಬೆತ್ ಬಗ್ಗೆ ಬರೆಯುವವರೂ ಇಲ್ಲೇ ಎಡವುತ್ತಾರೆ. ಶೇಕ್ಸ್‌ಪಿಯರ್‌ನ ಆ ನಾಟಕದ ಮೊದಲ ಅಂಕದ ಕ್ರೌರ್ಯದಿಂದ ನೇರ ಐದನೇ ಅಂಕದ ನಿದ್ದೆಯ ನಡಿಗೆಗೆ ಹಾರುತ್ತಾರೆ. ಮೂರನೇ ಅಂಕದಲ್ಲಿ ಬ್ಯಾಂಕೋನನ್ನು ಕೊಲ್ಲಿಸುವ ಯೋಜನೆಯನ್ನು ಗಂಡ ಅವಳಿಗೆ ಹೇಳುವುದೇ ಇಲ್ಲ, ಅವಳು ಒಂಟಿಯಾಗಲು ಶುರುವಾದದ್ದು ಅಲ್ಲಿ.

ಇನ್ನು ಬರೆಯುವ ಲೆಕ್ಕಾಚಾರ. ಸುಮಾರು 200 ಪದದ ಉತ್ತರವೆಂದರೆ ಸಾಲಿಗೆ 8ರಿಂದ 10 ಪದದಂತೆ 20ರಿಂದ 25 ಸಾಲು. ಅದಕ್ಕೆ 12ರಿಂದ 15 ನಿಮಿಷ ಇಟ್ಟುಕೊಳ್ಳಬಹುದು, ಮೊದಲ ಮೂರು ನಿಮಿಷ ಪೆನ್ನು ಉತ್ತರದ ಜಾಗಕ್ಕೆ ಹೋಗಬಾರದು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ನಿಲುವಿನ ಒಂದು ಸಾಲು, ಕೆಳಗೆ ಮೂರು ಘಟನೆಗೆ ಮೂರು ಪದ: ಶಿಲ್ಲಿಂಗ್, ಐಯಿ, ಹರಿದ ಚೀಟಿ. ಬರೆಯುವಾಗ ನಿಲುವಿಗೆ 30 ಪದ, ಒಂದೊಂದು ಘಟನೆಗೆ 50, ಮುಕ್ತಾಯಕ್ಕೆ 20. 80ರಿಂದ 100 ಪದದ ಪ್ರಶ್ನೆಯಾದರೆ ಎರಡೇ ಘಟನೆ, ಮುಕ್ತಾಯ ಬೇಡ. ಮೂರರ ಜಾಗದಲ್ಲಿ ಆರು ಘಟನೆ ತುರುಕಿದರೆ ಮತ್ತೆ ಕಥೆ ಹೇಳಿದಂತೆಯೇ ಆಗುತ್ತದೆ.

ಒಂದು ಘಟನೆಯ 50 ಪದದೊಳಗೆ ನಡೆದದ್ದಕ್ಕೆ ಒಂದೇ ವಾಕ್ಯ, ಅದರಿಂದ ಏನು ತಿಳಿಯಿತು ಎಂಬುದಕ್ಕೆ ಎರಡು. ಮಕ್ಕಳಲ್ಲಿ ಈ ಅನುಪಾತ ತಿರುಗಾಮುರುಗಾ ಇರುತ್ತದೆ. ‘ದಿಸ್ ಶೋಸ್ ದಟ್’ ಎಂದು ಕಲಿಸಿದ್ದೇವೆ ನಿಜ, ಅದರ ಮುಂದೆ ಹೊಸ ವಿಷಯ ಬರಬೇಕು ಎಂದು ಕಲಿಸಿಲ್ಲ. ರೂಫ್ ಹಣ ತಗೊಂಡ, ಇದರಿಂದ ರೂಫ್ ಹಣ ತಗೊಳ್ಳುವವನು ಎಂದು ತಿಳಿಯುತ್ತದೆ ಎಂಬಂಥ ಸಾಲುಗಳು ಬರುವುದು ಅದಕ್ಕೇ. ಘಟನೆಯ ವಾಕ್ಯದಲ್ಲಿ ಇರುವ ಕ್ರಿಯಾಪದ ವಿವರಣೆಯ ವಾಕ್ಯದಲ್ಲಿ ಮತ್ತೆ ಬರಬಾರದು ಎಂಬ ಒಂದು ಕಟ್ಟುಪಾಡು ಹಾಕಿಕೊಂಡರೆ ಈ ರೋಗ ಬಹುಮಟ್ಟಿಗೆ ವಾಸಿಯಾಗುತ್ತದೆ.

ಮನೆಯಲ್ಲಿ ಕೊಂಕಣಿ, ಹವ್ಯಕ, ನವಾಯತಿ ಅಥವಾ ಹಾಲಕ್ಕಿ ಕನ್ನಡ ಆಡಿ, ಶಾಲೆಯಲ್ಲಿ ಕನ್ನಡ ಮಾಧ್ಯಮ ಓದಿ ಬಂದ ಮಕ್ಕಳಿಗೆ ಇಂಗ್ಲಿಷ್ ವಾಕ್ಯವೇ ಗುಡ್ಡ ಹತ್ತಿದ ಹಾಗೆ. ಅವರಿಗೆ ಹೇಳಬೇಕಾದದ್ದು ಇಷ್ಟು: ನಿಲುವನ್ನು ನಿಮ್ಮ ಮಾತಿನಲ್ಲೇ ಯೋಚಿಸಿ, ಪೆನ್ಸಿಲಿನಲ್ಲಿ ಅದೇ ಮಾತಿನಲ್ಲಿ ಬರೆಯಿರಿ, ಆಮೇಲೆ 12 ಪದ ದಾಟದ ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಒಡೆಯಿರಿ. ವಿಶೇಷಣಗಳ ಪಟ್ಟಿ ಉರು ಹೊಡೆಯುವ ಬದಲು ಇಪ್ಪತ್ತು ಕ್ರಿಯಾಪದ ಕಲಿತರೆ ಲಾಭ ಹೆಚ್ಚು: ಬಾರ್ಗೇನ್ಸ್, ಹೆಸಿಟೇಟ್ಸ್, ಪ್ರಿಟೆಂಡ್ಸ್, ಹೈಡ್ಸ್, ಸ್ವೇರ್ಸ್, ರಿಫ್ಯೂಸಸ್. ‘ರೂಫ್ ಈಸ್ ಗ್ರೀಡಿ’ಗಿಂತ ‘ರೂಫ್ ಬಾರ್ಗೇನ್ಸ್’ ಸುಲಭವೂ ಹೌದು, ಹೆಚ್ಚು ಹೇಳುವುದೂ ಹೌದು. ಕಾಲ ವರ್ತಮಾನವೇ ಇರಲಿ. ಕಥೆ ಹೇಳುವ ಚಟಕ್ಕೆ ಬಿದ್ದ ಗಳಿಗೆಯಲ್ಲೇ ವಾಕ್ಯ ಭೂತಕಾಲಕ್ಕೆ ಜಾರುತ್ತದೆ, ಹಾಗಾಗಿ ‘ವಾಸ್’, ‘ವೆಂಟ್’ ಸಾಲುಸಾಲಾಗಿ ಕಂಡರೆ ಸಾರಾಂಶ ಶುರುವಾಗಿದೆ ಎಂದೇ ತಿಳಿಯಿರಿ. ಮೂಲದ ಮಾತನ್ನು ಉದ್ಧರಿಸುವುದಾದರೆ ನಾಲ್ಕೈದು ಪದ ಸಾಕು, ಅದೂ ಪಕ್ಕಾ ನೆನಪಿದ್ದರೆ ಮಾತ್ರ. ಅರೆಬರೆ ನೆನಪನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದಕ್ಕಿಂತ ಸ್ವಂತ ಮಾತಿನಲ್ಲಿ ಹೇಳುವುದು ವಾಸಿ.

ಅಭ್ಯಾಸಕ್ಕೆ ಇಬ್ಬರು ಬೇಕು, ಟ್ಯೂಷನ್ ಬೇಕಿಲ್ಲ. ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತವರಿಗೆ ಸಮಯಕ್ಕೇನು ಕೊರತೆ! ಒಬ್ಬ ರೂಫ್ ಆಗಲಿ, ಇನ್ನೊಬ್ಬ ಮತ ಎಣಿಸಿದ ಮೇಲೆ ಹರಿದ ಚೀಟಿ ಹಿಡಿದುಕೊಂಡು ಬಂದ ಮಾರ್ಕಸ್ ಆಗಲಿ. ಕನ್ನಡದಲ್ಲೇ ಹತ್ತು ನಿಮಿಷ ಜಗಳವಾಡಿ. ಷರತ್ತು ಒಂದೇ: ಪಾಠದಲ್ಲಿ ಇಲ್ಲದ ಸಂಗತಿ ಹೇಳಿದರೆ ಮಾತು ಎದುರಿನವನಿಗೆ ಹೋಗುತ್ತದೆ. ಬಸ್ಸಿಳಿದ ಮೇಲೆ ಇಬ್ಬರೂ ತಾವು ವಾದಿಸಿದ ಪಾತ್ರ ಬಿಟ್ಟು ಎದುರಿನವನ ಪಾತ್ರದ ಬಗ್ಗೆ 100 ಪದ ಬರೆಯಬೇಕು.

ಪ್ರಶ್ನೆಯ ಕ್ರಿಯಾಪದವನ್ನು ಓದದೆ ಬರೆಯುವವರೂ ಇದ್ದಾರೆ. ಪಾತ್ರ ವಿವರಿಸಿ ಎಂದರೆ ಮೇಲೆ ಹೇಳಿದ ಕ್ರಮವೇ ಸಾಕು. ಇಬ್ಬರನ್ನು ಹೋಲಿಸಿ ಎಂದರೆ ಅರ್ಧ ಪುಟ ಲಾರಾ, ಅರ್ಧ ಪುಟ ಗೊಂಜಾಲೊ ಬರೆಯುವುದು ಹೋಲಿಕೆಯಲ್ಲ. ಒಂದೊಂದು ಪ್ಯಾರಾದಲ್ಲೂ ಇಬ್ಬರೂ ಇರಬೇಕು: ಸುಳ್ಳು ಹೇಳುವ ರೀತಿ, ಸಿಟ್ಟು ತೋರುವ ರೀತಿ, ಗುರುತು ಹಿಡಿದ ಮೇಲೆ ನಡೆದುಕೊಳ್ಳುವ ರೀತಿ. ‘ರೂಫ್ ಮಾಡಿದ್ದು ಸರಿಯೇ, ಸಮರ್ಥಿಸಿ’ ಎಂಬಂಥ ಪ್ರಶ್ನೆಗೆ ಸರಿ ಎಂದರೂ ತಪ್ಪು ಎಂದರೂ ಅಂಕಕ್ಕೆ ತೊಂದರೆಯಿಲ್ಲ. ಎರಡೂ ಅಲ್ಲದೆ ‘ಅದು ಅವರವರ ಅಭಿಪ್ರಾಯ’ ಎಂದು ತಪ್ಪಿಸಿಕೊಂಡವರಿಗೆ ಕೊಡಲು ಮೌಲ್ಯಮಾಪಕರ ಬಳಿ ಏನೂ ಇರುವುದಿಲ್ಲ. ಅಲ್ಲಿ ಮೊದಲ ವಾಕ್ಯದಲ್ಲೇ ಪಕ್ಷ ಹೇಳಿಬಿಡಬೇಕು. ಎರಡನೇ ವಾಕ್ಯವನ್ನು ‘ಆಲ್ದೋ’ ಇಂದ ಶುರು ಮಾಡಿ ಎದುರು ಪಕ್ಷದ ಅತ್ಯಂತ ಗಟ್ಟಿಯಾದ ಒಂದು ಪುರಾವೆಯನ್ನು ಒಪ್ಪಿಕೊಂಡು, ಆಮೇಲೆ ತಮ್ಮ ಎರಡನ್ನು ಇಡಬೇಕು.